ಕಾಲುವೆಗೂ ಮೊದಲು ಬಂದ ಕಾಗದ

ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ ಸೀಮೆಯಲ್ಲಿ ಕಾಲುವೆ ಎಂದರೆ ನಾರಾಯಣಪುರ ಬಲದಂಡೆ ಕಾಲುವೆ. ಅದರಲ್ಲಿ ನೀರು ಬಂತೇ, ಎಷ್ಟು ದಿನ ಇದ್ದೀತು, ಕೊನೆಯ ಹೊಲದವರೆಗೆ ಮುಟ್ಟೀತೇ ಎಂಬ ಮಾತಿಲ್ಲದೆ ಇಲ್ಲಿ ಹಂಗಾಮು ಶುರುವಾಗುವುದಿಲ್ಲ. ನೀರಿಗೂ ಮೊದಲು ಕಾಲುವೆ ಬಂದಿತ್ತೆಂಬುದನ್ನು ಹಿರಿಯರು ಬಲ್ಲರು. ಆದರೆ ಕಾಲುವೆಗೂ ಮೊದಲು ಇನ್ನೊಂದು ಬಂದಿತ್ತು. ಅದು ಕಾಗದ. ನೂರಾರು ಪುಟಗಳ, ಇಂಗ್ಲಿಷಿನಲ್ಲಿ ಅಚ್ಚಾದ ಕರಾರು ಪತ್ರ.

ನೆಲ ಅಗೆಯುವಾಗ ಬಂಡೆ ಸಿಕ್ಕರೆ ಖರ್ಚು ಯಾರದು? ಮಳೆ ಬಂದು ಏರಿ ಕೊಚ್ಚಿಹೋದರೆ ನಷ್ಟ ಯಾರಿಗೆ? ಸಿಮೆಂಟಿನ ಬೆಲೆ ಏರಿದರೆ? ಕೆಲಸ ಎರಡು ವರ್ಷ ತಡವಾದರೆ? ಕಟ್ಟಿದ ಲೈನಿಂಗ್ ಮೂರನೆಯ ವರ್ಷಕ್ಕೆ ಬಿರುಕು ಬಿಟ್ಟರೆ ಯಾರು ಸರಿಪಡಿಸಬೇಕು? ಗುದ್ದಲಿ ಪೂಜೆಯ ದಿನ ಈ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ. ಆ ಹೊತ್ತಿಗಾಗಲೇ ಅಚ್ಚಾದ ಆ ಪುಟಗಳಲ್ಲಿ ಉತ್ತರ ಬರೆದಾಗಿರುತ್ತದೆ. ಬರೆದವರು ಜಾಲಹಳ್ಳಿಯ ನೆಲವನ್ನು ನೋಡಿ ಬರೆದದ್ದಲ್ಲ ಎಂಬುದಷ್ಟೇ ಸಮಸ್ಯೆ. ಕಟ್ಟಡ ಮತ್ತು ಎಂಜಿನಿಯರಿಂಗ್ ಕಾಮಗಾರಿಗಳ ಇಂಥ ‘ಮಾದರಿ ಕರಾರು’ಗಳಿಗೆ ಒಂದು ಉದ್ದದ ಇತಿಹಾಸವಿದೆ. ಅದರ ಕೆಲವು ಪುಟಗಳು ರಾಯಚೂರಿನಲ್ಲೇ ತೆರೆದುಕೊಳ್ಳುತ್ತವೆ.

ಮಾದರಿ ಕರಾರು ಎಂದರೇನು?

ಹಳ್ಳಿಯಲ್ಲಿ ಮನೆ ಕಟ್ಟುವವನು ಮೇಸ್ತ್ರಿಯನ್ನು ಕರೆದು ಮಾತಾಡುತ್ತಾನೆ. ಚದರಕ್ಕೆ ಇಷ್ಟು, ಕಲ್ಲು-ಸಿಮೆಂಟು ನಮ್ಮದು, ಆಳು ನಿಮ್ಮದು, ನಡುವೆ ಇಷ್ಟು ಮುಂಗಡ. ಕರಾರು ಮುಗಿಯಿತು. ಇಬ್ಬರೂ ಒಂದೇ ಊರಿನವರು. ಮಾತು ತಪ್ಪಿದರೆ ನಾಳೆ ಎದುರಾಗಬೇಕು. ಈ ಸಂಕೋಚವೇ ಅವರ ಜಾಮೀನು. ಆದರೆ ನೂರು ಕೋಟಿ ರೂಪಾಯಿಯ ಕಾಲುವೆಯ ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ದೂರದ ಊರಿನ ಕಂಪನಿ. ಅಲ್ಲಿ ಪ್ರತಿ ಸಲವೂ ಹೊಸದಾಗಿ ಕುಳಿತು ಷರತ್ತು ಚರ್ಚಿಸುತ್ತಾ ಹೋದರೆ ಕೆಲಸ ಆರಂಭವಾಗುವುದೇ ಇಲ್ಲ. ಹತ್ತು ಮಂದಿ ಹತ್ತು ಬಗೆಯ ಷರತ್ತು ಹಾಕಿ ಟೆಂಡರ್ ಕೊಟ್ಟರೆ ಯಾರದು ಕಡಿಮೆ ಎಂದು ಹೋಲಿಸುವುದೂ ಸಾಧ್ಯವಿಲ್ಲ. ಆದ್ದರಿಂದ ಷರತ್ತುಗಳನ್ನು ಮೊದಲೇ ಅಚ್ಚು ಹಾಕಿಡಲಾಗುತ್ತದೆ. ಕಾಮಗಾರಿಯ ಹೆಸರು, ಮೊತ್ತ, ಅವಧಿ ಇಷ್ಟನ್ನೇ ತುಂಬಿದರೆ ಸಾಕು. ಬಸ್ ಟಿಕೆಟಿನ ಹಿಂದಿನ ಸಣ್ಣ ಅಕ್ಷರಗಳ ದೊಡ್ಡಣ್ಣ ಇದು ಎನ್ನಬಹುದು.

ಈ ವ್ಯವಹಾರದ ಶಬ್ದಗಳೇ ಅದರ ಇತಿಹಾಸವನ್ನು ಹೇಳುತ್ತವೆ. ‘ಗುತ್ತಿಗೆ’ ನಮ್ಮ ಶಾಸನಗಳಲ್ಲೂ ಕಾಣುವ ಹಳೆಯ ಶಬ್ದ. ‘ಕರಾರು’ ಅರಬ್ಬಿ ಮೂಲದಿಂದ ಆಡಳಿತದ ಭಾಷೆಯ ಮೂಲಕ ಬಂದದ್ದು. ‘ಟೆಂಡರ್’, ‘ಬಿಲ್’, ‘ಎಂ.ಬಿ.’ ಇಂಗ್ಲಿಷರ ಕೊಡುಗೆ. ರಾಯಚೂರು ಕಡೆಯ ಗುತ್ತೇದಾರನ ಬಾಯಲ್ಲಿ ಈ ಮೂರೂ ಕಾಲಗಳು ಒಂದೇ ವಾಕ್ಯದಲ್ಲಿ ಬರುತ್ತವೆ.

ಕೆರೆ ಕಟ್ಟಿದವನಿಗೆ ಕೆರೆಯ ಕೆಳಗೆ ಭೂಮಿ

ಅಚ್ಚಾದ ಕರಾರಿಲ್ಲದ ಕಾಲದಲ್ಲಿ ಕರ್ನಾಟಕದಲ್ಲಿ ಸಾವಿರಾರು ಕೆರೆಗಳಾದವು. ಅದು ಹೇಗೆ? ಶಾಸನಗಳಲ್ಲಿ ‘ಕಟ್ಟುಕೊಡಗೆ’ ಎಂಬ ಮಾತು ಬರುತ್ತದೆ. ಕೆರೆ ಕಟ್ಟಿದವನಿಗೆ ಅಥವಾ ಒಡೆದ ಕೆರೆಯನ್ನು ಸರಿಪಡಿಸಿದವನಿಗೆ ಕೊಡುತ್ತಿದ್ದ ಭೂಮಿ ಅದು. ಕೆರೆಯ ಉಸ್ತುವಾರಿಗೆಂದು ಭೂಮಿ ಅಥವಾ ಬೆಳೆಯ ಪಾಲನ್ನು ಬಿಡುವ ‘ಬಿತ್ತುವಟ್ಟ’ ಎಂಬ ಪದ್ಧತಿಯೂ ಇತ್ತು.

ಇದರ ಒಳಗಿನ ಲೆಕ್ಕಾಚಾರ ಗಮನಿಸಬೇಕಾದದ್ದು. ಕೂಲಿಯಾಗಿ ಸಿಕ್ಕಿದ ಭೂಮಿ ಅದೇ ಕೆರೆಯ ನೀರನ್ನು ನಂಬಿದ್ದರೆ, ಕೆರೆ ಒಡೆದ ದಿನ ಕಟ್ಟಿದವನ ಗದ್ದೆಯೂ ಒಣಗುತ್ತದೆ. ಕೆಲಸ ಚೆನ್ನಾಗಿರಬೇಕೆಂದು ಪ್ರತ್ಯೇಕ ಷರತ್ತು ಬರೆಯುವ ಅಗತ್ಯವಿಲ್ಲ. ಇಂದಿನ ಕರಾರಿನಲ್ಲಿ ಇದೇ ಕೆಲಸವನ್ನು ‘ದೋಷ ಹೊಣೆ ಅವಧಿ’ ಎಂಬ ಕಲಮು ಮಾಡುತ್ತದೆ. ವ್ಯತ್ಯಾಸವೇನೆಂದರೆ, ಈ ಅವಧಿಗೆ ಒಂದು ಕೊನೆಯ ದಿನಾಂಕವಿದೆ. ಆ ದಿನ ಕಳೆದ ಮೇಲೆ ಕಟ್ಟಿದವನಿಗೂ ಕಾಲುವೆಗೂ ನಂಟಿಲ್ಲ.

ರಾಯಚೂರಿಗೆ ಬಂದ ರೈಲಿನ ಪಾಠ

ಹೊಸ ಬಗೆಯ ಕರಾರು ಈ ನೆಲಕ್ಕೆ ಬಂದದ್ದು ರೈಲಿನ ಜೊತೆ. ಮುಂಬೈಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಆ ಹಳಿಯ ಹಿಂದೆ ಎರಡು ಕರಾರುಗಳ ಕಥೆಯಿದೆ.

ಮೊದಲನೆಯದು 1849ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಆದದ್ದು. ರೈಲ್ವೆ ಕಂಪನಿ ಹೂಡಿದ ಬಂಡವಾಳಕ್ಕೆ ಶೇ 5ರ ಲಾಭದ ಖಾತರಿ ಅದರಲ್ಲಿತ್ತು. ಗಳಿಕೆ ಅಷ್ಟಾಗದಿದ್ದರೆ ಕೊರತೆಯನ್ನು ಭಾರತದ ಕಂದಾಯದಿಂದ ತುಂಬಿಕೊಡಬೇಕು, ಭೂಮಿಯೂ ಉಚಿತ. ಅಂದರೆ ಅಪಾಯವೆಲ್ಲ ಈ ದೇಶದ ತೆರಿಗೆದಾರನದು, ಲಾಭ ಲಂಡನ್ನಿನ ಷೇರುದಾರನದು. ಖರ್ಚು ಉಳಿಸಿದರೂ ಅಷ್ಟೇ, ಹೆಚ್ಚಿದರೂ ಅಷ್ಟೇ ಎಂದಾದಾಗ ಖರ್ಚು ಹೆಚ್ಚದೆ ಇರುತ್ತದೆಯೇ? ಅಂದಿನ ರೈಲ್ವೆ ವೆಚ್ಚದ ಬಗ್ಗೆ ಟೀಕಾಕಾರರು ಮತ್ತೆ ಮತ್ತೆ ಎತ್ತಿದ ಆಕ್ಷೇಪ ಇದೇ.

ಎರಡನೆಯದು ಭೋರ್ ಘಾಟಿನದು. ಮುಂಬೈಯಿಂದ ಪುಣೆ, ಸೊಲ್ಲಾಪುರ, ಕಲಬುರ್ಗಿ ದಾಟಿ ರಾಯಚೂರು ಮುಟ್ಟುವ ಮಾರ್ಗ ಸಹ್ಯಾದ್ರಿಯನ್ನು ಹತ್ತುವ ಜಾಗ ಅದು. 25 ಸುರಂಗಗಳನ್ನು ಕೊರೆಯಬೇಕಿತ್ತು. 1856ರಲ್ಲಿ ಕೆಲಸ ಹಿಡಿದ ಗುತ್ತಿಗೆದಾರ ವಿಲಿಯಂ ಫೇವಿಯೆಲ್, ಕೂಲಿಕಾರರ ಗಲಭೆಯೂ ಸೇರಿ ಬಂದ ತೊಂದರೆಗಳ ನಡುವೆ 1859ರಲ್ಲಿ ಗುತ್ತಿಗೆ ಬಿಟ್ಟುಕೊಟ್ಟ. ಅದೇ ವರ್ಷ ಇಂಗ್ಲೆಂಡಿನಿಂದ ಬಂದ ಸಾಲಮನ್ ಟ್ರೆಡ್‌ವೆಲ್ ಕೆಲವೇ ವಾರಗಳಲ್ಲಿ ತೀರಿಕೊಂಡ. ಆಗ ಗುತ್ತಿಗೆಯನ್ನು ಕೈಗೆತ್ತಿಕೊಂಡವಳು ಅವನ ಪತ್ನಿ ಆಲಿಸ್ ಟ್ರೆಡ್‌ವೆಲ್. ಎಂಜಿನಿಯರುಗಳನ್ನು ನೇಮಿಸಿಕೊಂಡು ಆಕೆ ಕೆಲಸ ಮುಂದುವರಿಸಿದಳು. 1863ರಲ್ಲಿ ಘಾಟಿಯ ಮಾರ್ಗ ತೆರೆಯಿತು.

ಗುತ್ತಿಗೆದಾರ ಕೈಬಿಟ್ಟರೆ ಏನು? ಸತ್ತರೆ ಏನು? ಉಳಿದ ಕೆಲಸ ಯಾರು ಮಾಡಬೇಕು? ಇಂದಿನ ಪ್ರತಿ ಮಾದರಿ ಕರಾರಿನಲ್ಲೂ ಇದಕ್ಕೊಂದು ಕಲಮು ಇದ್ದೇ ಇದೆ. ಒಣ ಕಾನೂನಿನ ಹಾಗೆ ಕಾಣುವ ಇಂಥ ಸಾಲುಗಳ ಹಿಂದೆ ಯಾವುದೋ ಘಾಟಿಯಲ್ಲಿ ನಿಜವಾಗಿ ನಿಂತುಹೋದ ಕೆಲಸವಿರುತ್ತದೆ.

ಇಲಾಖೆಯ ನಮೂನೆಗಳು

ಡಾಲ್‌ಹೌಸಿಯ ಕಾಲದಲ್ಲಿ, 1854ರಲ್ಲಿ, ಲೋಕೋಪಯೋಗಿ ಇಲಾಖೆ ಹುಟ್ಟಿತು. 1872ರಲ್ಲಿ ಭಾರತೀಯ ಕರಾರು ಕಾಯ್ದೆ ಬಂತು. ಇಲಾಖೆ ತನ್ನ ನಮೂನೆಗಳನ್ನು ಅಚ್ಚು ಹಾಕಿಸಿತು. ಅದರಲ್ಲಿ ಮುಖ್ಯವಾದ ಬಗೆಗಳು ನಾಲ್ಕು.

ಒಂದು, ಇಡಿಗಂಟಿನ ಕರಾರು: ಇಡೀ ಕೆಲಸಕ್ಕೆ ಇಷ್ಟು ಎಂದು ಒಂದೇ ಮೊತ್ತ. ಎರಡು, ಬಾಬುವಾರು ದರದ ಕರಾರು: ಘನ ಮೀಟರು ಮಣ್ಣಿಗೆ ಇಷ್ಟು, ಬಂಡೆಗೆ ಇಷ್ಟು, ಕಾಂಕ್ರೀಟಿಗೆ ಇಷ್ಟು ಎಂದು ಗುತ್ತಿಗೆದಾರನೇ ದರ ನಮೂದಿಸುವುದು. ಮೂರು, ಶೇಕಡಾವಾರು ಕರಾರು: ಇಲಾಖೆಯ ದರಪಟ್ಟಿಗಿಂತ ಇಷ್ಟು ಹೆಚ್ಚು ಅಥವಾ ಕಡಿಮೆ ಎಂದು ಒಂದೇ ಅಂಕಿ ಬರೆಯುವುದು. ನಾಲ್ಕು, ತುಂಡು ಗುತ್ತಿಗೆ: ಸಣ್ಣ ಕೆಲಸ, ಮಾಡಿದಷ್ಟಕ್ಕೆ ಹಣ.

ಇವುಗಳ ವ್ಯತ್ಯಾಸ ಲೆಕ್ಕದ್ದಷ್ಟೇ ಅಲ್ಲ, ಅಪಾಯದ್ದು. ಇಡಿಗಂಟಿನಲ್ಲಿ ನೆಲದಡಿಯ ಅನಿರೀಕ್ಷಿತವೆಲ್ಲ ಗುತ್ತಿಗೆದಾರನ ತಲೆಯ ಮೇಲೆ. ಬಾಬುವಾರಿನಲ್ಲಿ ಅಗೆದಷ್ಟಕ್ಕೆ ಹಣ ಸಿಗುವುದರಿಂದ ಕೆಲಸದ ಪ್ರಮಾಣ ಹೆಚ್ಚಿದರೆ ಹೊರೆ ಸರ್ಕಾರದ್ದು. ಆದ್ದರಿಂದಲೇ ಅಲ್ಲಿ ಅಳತೆ ಪುಸ್ತಕಕ್ಕೆ, ಅಂದರೆ ಎಂ.ಬಿ.ಗೆ, ಧರ್ಮಗ್ರಂಥದ ಮರ್ಯಾದೆ. ಜೂನಿಯರ್ ಎಂಜಿನಿಯರ್ ಅದರಲ್ಲಿ ಬರೆದದ್ದೇ ನಡೆದ ಕೆಲಸ; ಬರೆಯದ್ದು ನಡೆದೇ ಇಲ್ಲ.

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ಬಗೆಯ ಬೆಳವಣಿಗೆಯಾಯಿತು. ಅಲ್ಲಿ ವಾಸ್ತುಶಿಲ್ಪಿಗಳ ಸಂಸ್ಥೆ ಮತ್ತು ಕಟ್ಟಡ ಕಟ್ಟುವವರ ಸಂಘ ಜಗಳವಾಡುತ್ತಲೇ ಒಟ್ಟಿಗೆ ಕುಳಿತು ಮಾದರಿ ಕರಾರು ರೂಪಿಸಿದವು. 1931ರಲ್ಲಿ ಇದಕ್ಕೆಂದೇ ಜಂಟಿ ಸಮಿತಿಯೊಂದು ರಚನೆಯಾಯಿತು. ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಕರಾರು 1945ರಲ್ಲಿ ಬಂತು. ಎರಡೂ ಕಡೆಯವರು ಒಪ್ಪಿದ ಕರಾರು ಅದು. ನಮ್ಮಲ್ಲಿ ಹಾಗಾಗಲಿಲ್ಲ. ಇಲಾಖೆಯೇ ಬರೆಯಿತು, ಇಲಾಖೆಯೇ ಅಚ್ಚು ಹಾಕಿಸಿತು, ಗುತ್ತಿಗೆದಾರ ಸಹಿ ಹಾಕಿದ. ಕೆಲಸ ಬೇಕಿದ್ದರೆ ಸಹಿ ಹಾಕು, ಬೇಡವಾದರೆ ಬಿಡು. ಸ್ವಾತಂತ್ರ್ಯ ಬಂದ ಮೇಲೂ ಈ ಗುಣ ಬದಲಾಗಲಿಲ್ಲ.

ನಿಜಾಮನ ಸೀಮೆಯಿಂದ ವಿಶ್ವಬ್ಯಾಂಕಿನವರೆಗೆ

1948ರವರೆಗೆ ರಾಯಚೂರು ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿತ್ತು. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿದ್ದಾಗ ಬಲಗಡೆಯ ಕೆಲಸ ಮದ್ರಾಸ್ ಸರ್ಕಾರದ್ದು, ಎಡಗಡೆಯದು ಹೈದರಾಬಾದಿನದು. ಒಂದೇ ಅಣೆಕಟ್ಟು, ಎರಡು ಸರ್ಕಾರ, ಎರಡು ಎಂಜಿನಿಯರಿಂಗ್ ಇಲಾಖೆ. ಮಾನ್ವಿ, ಸಿಂಧನೂರು ಸೀಮೆಗೆ ನೀರು ತಂದ ಎಡದಂಡೆ ಕಾಲುವೆ ಹೀಗೆ ಹುಟ್ಟಿದ್ದು. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು.

ಕೃಷ್ಣೆಯ ಕಡೆಗೆ ಗಮನ ಹೊರಳಿದ್ದು ಆಮೇಲೆ. 1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ಹಣದ ಕೊರತೆ ನೀಗಲು ವಿಶ್ವಬ್ಯಾಂಕಿನ ನೆರವು 1978ರಲ್ಲಿ ಒಮ್ಮೆ, 1989ರಲ್ಲಿ ಇನ್ನೊಮ್ಮೆ ಬಂತು. ಕೆಲಸ ಚುರುಕಾಗಲೆಂದು 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ರಚನೆಯಾಯಿತು. ಲಿಂಗಸುಗೂರು, ದೇವದುರ್ಗ, ರಾಯಚೂರು ತಾಲ್ಲೂಕುಗಳಿಗೆಂದು 95 ಕಿ.ಮೀ. ಉದ್ದಕ್ಕೆ ಯೋಜಿಸಿದ ನಾರಾಯಣಪುರ ಬಲದಂಡೆ ಕಾಲುವೆ ಈ ಯೋಜನೆಯ ಭಾಗ.

ಸಾಲದ ಜೊತೆ ಹೊಸ ಕಾಗದವೂ ಬರುತ್ತದೆ. ವಿಶ್ವಬ್ಯಾಂಕಿನ ಹಣದಲ್ಲಿ ದೊಡ್ಡ ಕಾಮಗಾರಿ ನಡೆಯಬೇಕಾದರೆ ಅಂತರರಾಷ್ಟ್ರೀಯ ಟೆಂಡರ್ ಕರೆಯಬೇಕು. ಕರಾರು ಬ್ಯಾಂಕಿಗೆ ಒಪ್ಪಿಗೆಯಾಗುವಂತಿರಬೇಕು. ಇಲ್ಲಿ ‘ಫಿಡಿಕ್’ ಎಂಬ ಹೆಸರು ಬರುತ್ತದೆ. ಸಲಹಾ ಎಂಜಿನಿಯರುಗಳ ಈ ಅಂತರರಾಷ್ಟ್ರೀಯ ಒಕ್ಕೂಟ 1913ರಲ್ಲಿ ಬೆಲ್ಜಿಯಂನ ಘೆಂಟ್ ನಗರದಲ್ಲಿ ಹುಟ್ಟಿತು. ಇಂಗ್ಲೆಂಡಿನ ಸಿವಿಲ್ ಎಂಜಿನಿಯರುಗಳ ಕರಾರನ್ನು ಆಧರಿಸಿ 1957ರಲ್ಲಿ ಅದು ತನ್ನ ಮೊದಲ ಮಾದರಿಯನ್ನು ಪ್ರಕಟಿಸಿತು. ಹೊದಿಕೆ ಕೆಂಪಗಿದ್ದುದರಿಂದ ‘ಕೆಂಪು ಪುಸ್ತಕ’ ಎಂದೇ ಅದಕ್ಕೆ ಹೆಸರಾಯಿತು. ವಿಶ್ವಬ್ಯಾಂಕ್ 1990ರ ದಶಕದ ತನ್ನ ಮಾದರಿ ಟೆಂಡರ್ ದಾಖಲೆಗಳಿಗೆ ಈ ಪುಸ್ತಕದ 1987ರ ಆವೃತ್ತಿಯನ್ನೇ ಬಳಸಿಕೊಂಡಿತು.

ಕರಾರಿಗೆ ಹೊರಗಿನವರೂ ಇದ್ದಾರೆಂಬುದು ಆ ದಶಕದಲ್ಲೇ ಗೊತ್ತಾಯಿತು. ಮುಳುಗಡೆಯಾದವರ ಪುನರ್ವಸತಿ ತೃಪ್ತಿಕರವಾಗಿಲ್ಲವೆಂದು ಬ್ಯಾಂಕ್ ಕೃಷ್ಣಾ ಮೇಲ್ದಂಡೆಯ ಸಾಲವನ್ನು ತಡೆಹಿಡಿಯಿತು. ಮನೆ-ಹೊಲ ಕಳೆದುಕೊಂಡವರ ಸಹಿ ಕಾಮಗಾರಿಯ ಯಾವ ಕರಾರಿನಲ್ಲೂ ಇರಲಿಲ್ಲ. ಆದರೂ ಹಣ ನಿಂತದ್ದು ಅವರ ವಿಷಯಕ್ಕೇ.

ಬಂಡೆ ಸಿಕ್ಕರೆ ಯಾರ ಗತಿ?

ಈ ಎರಡು ಪರಂಪರೆಗಳ ವ್ಯತ್ಯಾಸ ತಿಳಿಯಬೇಕಾದರೆ ದೇವದುರ್ಗದ ನೆಲವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಈ ಸೀಮೆಯಲ್ಲಿ ಎರೆ ಭೂಮಿಯೂ ಇದೆ, ಮಸಾರಿಯೂ ಇದೆ, ನಡುನಡುವೆ ಕಣಶಿಲೆಯ ಗುಡ್ಡಗಳೂ ಇವೆ. ಕಾಲುವೆಯ ಅಂದಾಜುಪಟ್ಟಿ ಮಾಡುವಾಗ ಅಲ್ಲಲ್ಲಿ ಗುಂಡಿ ತೋಡಿ ನೋಡುತ್ತಾರೆ. ಎರಡು ಗುಂಡಿಗಳ ನಡುವೆ ಏನಿದೆ ಎಂಬುದು ಅಗೆದಾಗಲೇ ತಿಳಿಯುವುದು.

ಇಂಗ್ಲೆಂಡಿನ ಕರಾರು ಮತ್ತು ಕೆಂಪು ಪುಸ್ತಕ ಹೇಳುವುದಿಷ್ಟು: ಅನುಭವಿ ಗುತ್ತಿಗೆದಾರನೂ ಮುಂಚಿತವಾಗಿ ಊಹಿಸಲಾಗದಂಥ ನೆಲ ಎದುರಾದರೆ ಹೆಚ್ಚಿನ ಕಾಲ ಮತ್ತು ಖರ್ಚನ್ನು ಅವನಿಗೆ ಕೊಡಬೇಕು. ನಮ್ಮ ಇಲಾಖೆಯ ಹಳೆಯ ನಮೂನೆಗಳ ಧೋರಣೆ ಬೇರೆ: ಗುತ್ತಿಗೆದಾರ ಸ್ಥಳವನ್ನು ನೋಡಿ, ಪರೀಕ್ಷಿಸಿ, ತೃಪ್ತನಾಗಿಯೇ ಟೆಂಡರ್ ಹಾಕಿದ್ದಾನೆಂದು ಭಾವಿಸತಕ್ಕದ್ದು. ಮೇಲ್ನೋಟಕ್ಕೆ ಎರಡನೆಯದರಿಂದ ಸರ್ಕಾರದ ಹಣ ಉಳಿದಂತೆ ಕಾಣುತ್ತದೆ. ನಿಜಕ್ಕೂ ಉಳಿಯುತ್ತದೆಯೇ? ಜಾಣ ಗುತ್ತಿಗೆದಾರ ಆ ಅಪಾಯವನ್ನೂ ಸೇರಿಸಿ ದರ ಬರೆಯುತ್ತಾನೆ. ಆಗ ಬಂಡೆ ಸಿಗದಿದ್ದರೂ ಸರ್ಕಾರ ಬಂಡೆಯ ಹಣ ಕೊಟ್ಟಂತೆ. ಅವಸರದವನು ಸೇರಿಸದೆ ಬರೆಯುತ್ತಾನೆ; ಆಗ ಬಂಡೆ ಸಿಕ್ಕ ದಿನ ಕೆಲಸ ನಿಲ್ಲುತ್ತದೆ, ಇಲ್ಲವೆ ಗುಣಮಟ್ಟ ಇಳಿಯುತ್ತದೆ. ಕಡಿಮೆ ದರ ಬರೆದವನಿಗೆ ಕೆಲಸ ಸಿಗುವ ಪದ್ಧತಿಯಲ್ಲಿ ಗೆಲ್ಲುವವನು ಹೆಚ್ಚಾಗಿ ಈ ಎರಡನೆಯವನೇ.

ಬಾಬುವಾರು ಕರಾರಿನಲ್ಲೂ ಜಗಳ ತಪ್ಪಿದ್ದಲ್ಲ. ಅಗೆದದ್ದು ಮೆದು ಬಂಡೆಯೋ, ಮದ್ದಿಟ್ಟು ಒಡೆಯಬೇಕಾದ ಗಟ್ಟಿ ಬಂಡೆಯೋ? ಇವುಗಳ ದರದಲ್ಲಿ ಭಾರೀ ಅಂತರ. ಅಗೆದಾದ ಮೇಲೆ ಅಲ್ಲಿ ಉಳಿಯುವುದು ಬರೀ ಹೊಂಡ. ಎಂ.ಬಿ.ಯಲ್ಲಿ ಯಾವ ಶಬ್ದ ಬಿದ್ದಿದೆಯೋ ಅದೇ ಸತ್ಯ.

ಎರೆಮಣ್ಣಿನದು ಇನ್ನೊಂದು ಕಥೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಹಾಕಿದರೆ ಒಡೆಯುವುದು ಖಚಿತ. ನಡುವೆ ಉಬ್ಬದ ಮಣ್ಣಿನ ಪದರವೊಂದನ್ನು ಹಾಕಿ ಒತ್ತಿದರೆ ಆ ಒತ್ತಡ ತಡೆಯುತ್ತದೆಂದು ಬೊಂಬಾಯಿಯ ಐಐಟಿಯ ಪ್ರೊ. ಆರ್.ಕೆ. ಕಟ್ಟಿ ಅವರು ಸಂಶೋಧನೆಯಿಂದ ತೋರಿಸಿದರು. ಕರ್ನಾಟಕದ ಕಾಲುವೆಗಳಲ್ಲಿ ಅದು ಬಳಕೆಗೂ ಬಂತು. ಆದರೆ ಆ ಪದರ ಕಾಂಕ್ರೀಟಿನ ಅಡಿಯಲ್ಲಿ ಮುಚ್ಚಿಹೋಗುತ್ತದೆ. ‘ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲು ಎಂಜಿನಿಯರಿಗೆ ತೋರಿಸತಕ್ಕದ್ದು’ ಎಂಬ ಒಂದು ಸಾಲು ಕರಾರುಗಳಲ್ಲಿ ಇರುವುದು ಇದಕ್ಕೇ. ಆ ಒಂದು ಸಾಲನ್ನು ಯಾರೂ ಪಾಲಿಸದಿದ್ದರೆ ಹತ್ತು ವರ್ಷದ ಮೇಲೆ ನೀರು ಸೋರುವುದು ಕಾಲುವೆಯ ಕೊನೆಯ ರೈತನ ಪಾಲಿನಿಂದ.

ಬಾಯಿ ಮಾತಿನ ಆದೇಶವೂ ಇಲ್ಲಿ ಹೇಳಬೇಕಾದ ವಿಷಯ. ‘ಇಲ್ಲೊಂದು ತೂಬು ಹೆಚ್ಚಿಗೆ ಮಾಡಿಬಿಡಿ, ಆಮೇಲೆ ಬಿಲ್ ಮಾಡೋಣ’ ಎಂದು ಸ್ಥಳದಲ್ಲಿ ಯಾರೋ ಅಂದರೆಂದು ಕೆಲಸ ಮಾಡಿದರೆ? ಸಂವಿಧಾನದ 299ನೇ ವಿಧಿಯ ಪ್ರಕಾರ ಸರ್ಕಾರದ ಕರಾರು ರಾಜ್ಯಪಾಲರ ಹೆಸರಿನಲ್ಲಿ, ಅಧಿಕಾರವುಳ್ಳವರ ಸಹಿಯೊಂದಿಗೇ ಆಗಬೇಕು. ಹಾಗಿಲ್ಲದೆ ಮಾಡಿದ ಕೆಲಸದ ಲಾಭವನ್ನು ಸರ್ಕಾರ ಪಡೆದುಕೊಂಡಿದ್ದರೆ ಕರಾರು ಕಾಯ್ದೆಯ 70ನೇ ಕಲಮಿನಡಿ ಪರಿಹಾರ ಕೇಳಬಹುದೆಂದು ಪಶ್ಚಿಮ ಬಂಗಾಳದ ಮೊಂಡಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅದು ಕೋರ್ಟಿನ ದಾರಿ. ಬರಹದ ಆದೇಶ ಒಂದು ಪುಟದ ದಾರಿ.

ತಡವಾದರೆ ಬೀಳುವ ದಂಡಕ್ಕೂ ಮಿತಿಯಿದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ಕರಾರಿನಲ್ಲಿ ಅದು ಟೆಂಡರ್ ಮೊತ್ತದ ಶೇ 10ನ್ನು ಮೀರುವಂತಿಲ್ಲ. ಕರಾರು ಕಾಯ್ದೆಯ 74ನೇ ಕಲಮಿನಂತೆ ಬರೆದಿಟ್ಟ ಮೊತ್ತ ಗರಿಷ್ಠ ಮಿತಿಯೇ ಹೊರತು ಕಣ್ಣು ಮುಚ್ಚಿ ವಸೂಲು ಮಾಡುವುದಕ್ಕಲ್ಲ. ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಜಾಗ ಬಿಡಿಸಿಕೊಡದೆ ಸರ್ಕಾರವೇ ತಡ ಮಾಡಿದ್ದರೆ ಗುತ್ತಿಗೆದಾರ ಕಾಲಾವಧಿ ವಿಸ್ತರಣೆ ಕೇಳಬಹುದು. ಆದರೆ ಸಮಯಕ್ಕೆ ಸರಿಯಾಗಿ, ಬರಹದಲ್ಲಿ ಕೇಳಿರಬೇಕು.

ಒಬ್ಬನೇ ಎದುರಾಳಿ, ಒಬ್ಬನೇ ತೀರ್ಪುಗಾರ

ಜಗಳವಾದರೆ ಬಗೆಹರಿಸುವವರು ಯಾರು? ಮಾದರಿ ಕರಾರುಗಳ ಇತಿಹಾಸದಲ್ಲಿ ಅತಿ ಹೆಚ್ಚು ಹೊಡೆದಾಟವಾದ ಕಲಮು ಇದು. ‘ಸೂಪರಿಂಟೆಂಡಿಂಗ್ ಎಂಜಿನಿಯರರ ತೀರ್ಮಾನವೇ ಅಂತಿಮ’ ಎಂಬ ಸಾಲು ಇಲಾಖೆಯ ಕರಾರುಗಳಲ್ಲಿ ದಶಕಗಟ್ಟಲೆ ಇತ್ತು. ಕೆಲಸ ಕೊಟ್ಟವನದೇ ಸಂಬಳ ಪಡೆಯುವವನು ಕೆಲಸ ಕೊಟ್ಟವನ ವಿರುದ್ಧ ತೀರ್ಪು ಕೊಡಬೇಕು!

ಕರ್ನಾಟಕದ್ದೇ ಒಂದು ಪ್ರಕರಣ ಇಲ್ಲಿ ದಾರಿದೀಪವಾಯಿತು. ಅದು ಕಾಲುವೆಯದಲ್ಲ, ತೀರ್ಥಹಳ್ಳಿಯ ಒಂದು ಅಕ್ಕಿ ಗಿರಣಿಗೂ ಸರ್ಕಾರಕ್ಕೂ ಆದ ಕರಾರಿನದು. ಗಿರಣಿ ಕರಾರು ಮುರಿದಿದೆ ಎಂದು ಸರ್ಕಾರವೇ ನಿರ್ಧರಿಸಿ, ನಷ್ಟವನ್ನೂ ತಾನೇ ಲೆಕ್ಕ ಹಾಕಿ, ಭೂಕಂದಾಯದ ಬಾಕಿಯಂತೆ ವಸೂಲಿಗೆ ಹೊರಟಿತ್ತು. 1987ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ನಷ್ಟ ಲೆಕ್ಕ ಹಾಕುವ ಅಧಿಕಾರ ಕರಾರಿನಲ್ಲಿ ಇರಬಹುದು. ಆದರೆ ಕರಾರು ಮುರಿದವರು ಯಾರು ಎಂಬುದನ್ನು ಒಂದು ಪಕ್ಷವೇ ತೀರ್ಮಾನಿಸುವಂತಿಲ್ಲ ಎಂದಿತು. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಲಾಗದು ಎಂಬ ಈ ಮಾತನ್ನು ಕಾಮಗಾರಿ ವ್ಯಾಜ್ಯಗಳಲ್ಲೂ ವಕೀಲರು ಎತ್ತಿಹಿಡಿಯುತ್ತಾರೆ.

ಕೃಷ್ಣಾ ಭಾಗ್ಯ ಜಲ ನಿಗಮದ ಒಂದು ವ್ಯಾಜ್ಯ 2007ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಗುತ್ತಿಗೆದಾರನ ಪರ ಪಂಚಾಯ್ತಿ ತೀರ್ಪು ಬಂದಿತ್ತು. ತೀರ್ಪುಗಾರ ಬೇರೆ ಯಾರೂ ಅಲ್ಲ, ಒಬ್ಬ ಮುಖ್ಯ ಎಂಜಿನಿಯರ್. ಕರಾರಿನ 29ನೇ ಕಲಮು ಪಂಚಾಯ್ತಿಯ ಕಲಮೇ ಅಲ್ಲ ಎಂಬ ವಾದ ನಿಗಮದ ಕಡೆಯಿಂದ ಬಂತು. ನೇಮಕಕ್ಕೆ ಒಪ್ಪಿ, ವಿಚಾರಣೆಯಲ್ಲಿ ಭಾಗವಹಿಸಿ, ಉತ್ತರವನ್ನೂ ಸಲ್ಲಿಸಿದ ಮೇಲೆ ಹೀಗೆನ್ನುವಂತಿಲ್ಲ ಎಂದಿತು ಕೋರ್ಟು. ಹಾಗೆಂದು ಗುತ್ತಿಗೆದಾರನಿಗೂ ಪೂರ್ತಿ ಸಿಗಲಿಲ್ಲ. ಬಡ್ಡಿಯ ದರಗಳು ಇಳಿದಿರುವುದನ್ನು ಗಮನಿಸಿ ಶೇ 18ರ ಬಡ್ಡಿಯನ್ನು ಶೇ 9ಕ್ಕೆ ಇಳಿಸಿತು. ಒಂದು ಕಲಮಿನ ಅರ್ಥವೇನೆಂಬ ಚರ್ಚೆ ಕೃಷ್ಣಾ ತೀರದಿಂದ ದೆಹಲಿಯವರೆಗೆ ಹೋಗಿ ಬಂತು.

2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಸರ್ಕಾರ ಮತ್ತು ಖಾಸಗಿಯವರ ನಡುವಿನ ಕರಾರಿನಲ್ಲಿ ಏಕೈಕ ಪಂಚರನ್ನು ಒಂದು ಪಕ್ಷವೇ ನೇಮಿಸುವ ಕಲಮು ಸಮಾನತೆಗೆ ವಿರುದ್ಧವೆಂದಿತು. ಫಿಡಿಕ್ ಈ ದಿಕ್ಕಿಗೆ ಮೊದಲೇ ತಿರುಗಿತ್ತು. ತೀರ್ಪುಗಾರನ ಪಾತ್ರವನ್ನು ಎಂಜಿನಿಯರಿನಿಂದ ಬಿಡಿಸಿ, ಪ್ರತ್ಯೇಕ ವ್ಯಾಜ್ಯ ಮಂಡಳಿಗೆ ಅದು 1999ರ ಆವೃತ್ತಿಯಲ್ಲೇ ಕೊಟ್ಟಿತ್ತು.

ಶಕ್ತಿನಗರದ ದಾರಿ ಬೇರೆ

ಎಲ್ಲ ಕೆಲಸಕ್ಕೂ ಕಾಲುವೆಯ ಕರಾರು ಹೊಂದುವುದಿಲ್ಲ. ಜಿಲ್ಲೆಯ ಶಕ್ತಿನಗರದಲ್ಲಿ 1985ರಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಆರಂಭವಾಯಿತು. ಅಂಥ ಕಡೆ ಬಾಯ್ಲರ್, ಟರ್ಬೈನ್, ಚಿಮಣಿ ಎಲ್ಲ ಬೇರೆಬೇರೆ ಕೈಗಳಲ್ಲಿದ್ದರೆ, ಯಂತ್ರ ತಿರುಗದ ದಿನ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ಆದ್ದರಿಂದ ವಿನ್ಯಾಸದಿಂದ ಚಾಲನೆಯವರೆಗೆ ಎಲ್ಲವನ್ನೂ ಒಬ್ಬರಿಗೇ ವಹಿಸುವ ‘ಇಪಿಸಿ’ ಕರಾರು ಬಳಕೆಗೆ ಬಂತು. ಫಿಡಿಕ್ 1999ರಲ್ಲಿ ಇದಕ್ಕೆಂದೇ ‘ಬೆಳ್ಳಿ ಪುಸ್ತಕ’ವನ್ನು ತಂದಿತು. ಇದರಲ್ಲಿ ನೆಲದಡಿಯ ಅಪಾಯವೂ ಸೇರಿ ಬಹುತೇಕ ಹೊಣೆ ಗುತ್ತಿಗೆದಾರನದು. ಅದಕ್ಕೆ ತಕ್ಕಂತೆ ಬೆಲೆಯೂ ದೊಡ್ಡದು. ಯರಮರಸ್‌ನ ಸ್ಥಾವರಕ್ಕೆ ಮತ್ತೊಂದು ದಾರಿ ಹಿಡಿದರು. ಕರ್ನಾಟಕ ವಿದ್ಯುತ್ ನಿಗಮ ಮತ್ತು ಯಂತ್ರ ತಯಾರಿಸುವ ಬಿಎಚ್‌ಇಎಲ್ ಕೂಡಿ ರಾಯಚೂರು ವಿದ್ಯುತ್ ನಿಗಮ ಎಂಬ ಜಂಟಿ ಕಂಪನಿ ಮಾಡಿದವು. ಯಂತ್ರ ಕೊಡುವವನೂ ಲಾಭ-ನಷ್ಟದಲ್ಲಿ ಪಾಲುದಾರ. ಹಳೆಯ ಕಟ್ಟುಕೊಡಗೆಯ ನೆರಳು ಇಲ್ಲಿ ಕಂಡರೆ ಅಚ್ಚರಿಯಿಲ್ಲ.

ಸಹಿ ಇಲ್ಲದವರು

ಕರ್ನಾಟಕದಲ್ಲಿ ಟೆಂಡರ್ ವ್ಯವಹಾರಕ್ಕೆ ಕಾನೂನಿನ ಚೌಕಟ್ಟು ಬಂದದ್ದು 1999ರ ಪಾರದರ್ಶಕತೆ ಕಾಯ್ದೆಯಿಂದ. ಕಾಮಗಾರಿಯ ಗಾತ್ರಕ್ಕೆ ತಕ್ಕಂತೆ ಕೆ.ಡಬ್ಲ್ಯು-1, 2, 3, 4 ಎಂಬ ಮಾದರಿ ಟೆಂಡರ್ ದಾಖಲೆಗಳು ಜಾರಿಗೆ ಬಂದವು. ವಿಶ್ವಬ್ಯಾಂಕಿನ ದಾಖಲೆಗಳ ಛಾಯೆ ಇವುಗಳಲ್ಲಿ ಎದ್ದು ಕಾಣುತ್ತದೆ. ಟೆಂಡರ್ ಪೆಟ್ಟಿಗೆಯ ಜಾಗಕ್ಕೆ ಕಂಪ್ಯೂಟರ್ ಬಂತು. ಇದು ದೊಡ್ಡ ಸುಧಾರಣೆಯೇ ಸರಿ.

ಆದರೆ ದೊಡ್ಡ ಕಂಪನಿ ಸಹಿ ಹಾಕಿದ ಕೆಲಸ ಅನೇಕ ವೇಳೆ ನೆಲಕ್ಕಿಳಿಯುವುದು ಸ್ಥಳೀಯ ಉಪಗುತ್ತೇದಾರನ ಮೂಲಕ. ಒಪ್ಪಿಗೆಯಿಲ್ಲದೆ ಕೆಲಸವನ್ನು ಬೇರೆಯವರಿಗೆ ವಹಿಸಬಾರದೆಂದು ಮಾದರಿ ಕರಾರು ಹೇಳುತ್ತದೆ. ಹಾಗಾಗಿ ಈ ಒಳಒಪ್ಪಂದ ಹಲವು ಸಲ ಬಾಯಿ ಮಾತಿನಲ್ಲೇ ಉಳಿಯುತ್ತದೆ. ಟ್ರ್ಯಾಕ್ಟರು ಅಡವಿಟ್ಟು ಗರಸು ಹೊಡೆದವನ ಹಣ ನಿಂತರೆ ಅವನು ಇಲಾಖೆಯನ್ನು ಕೇಳುವಂತಿಲ್ಲ. ಇಲಾಖೆಯ ಕರಾರಿನಲ್ಲಿ ಅವನ ಹೆಸರೇ ಇಲ್ಲ. ನೂರು ಪುಟದ ಕರಾರಿನ ಕೊನೆಯ ತುದಿಯಲ್ಲಿರುವುದು ಹೀಗೆ ಒಂದು ನಂಬಿಕೆಯ ಮಾತು.

ಅವನಿಗಿಂತಲೂ ಕೆಳಗಿರುವವರು ಕೂಲಿಕಾರರು. ದೇವದುರ್ಗ, ಮಾನ್ವಿ ಸೀಮೆಯಿಂದ ಬೆಂಗಳೂರಿನ ಕಟ್ಟಡಗಳಿಗೆ ಗುಳೆ ಹೋಗುವುದು ಹೊಸ ಸುದ್ದಿಯಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕೆಂಬ ತತ್ವವನ್ನು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ತಂದಿತು. ಕಟ್ಟಡ ಕಾರ್ಮಿಕರಿಗೆಂದು 1996ರಲ್ಲಿ ಪ್ರತ್ಯೇಕ ಕಾಯ್ದೆಗಳು ಬಂದವು. ಕರಾರು ಪತ್ರಗಳು ಇವನ್ನು ಒಂದೆರಡು ಪುಟದಲ್ಲಿ ಉಲ್ಲೇಖಿಸುತ್ತವೆ. ಆದರೆ ಜಾಲಹಳ್ಳಿಯಲ್ಲಿ ಬಸ್ ಹತ್ತುವಾಗ ಆ ಪುಟವನ್ನು ಕೂಲಿಕಾರನಿಗೆ ಯಾರು ಓದಿ ಹೇಳುತ್ತಾರೆ?

ಕರಾರಿನ ಭಾಷೆ ಇಂಗ್ಲಿಷ್. ಸಹಿ ಹಾಕುವ ಸಣ್ಣ ಗುತ್ತೇದಾರರಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ವಿರಳ. ಕೊನೆಯ ಬಿಲ್ಲಿನ ಜೊತೆ ‘ಇನ್ನು ಯಾವ ಹಕ್ಕು ಕೇಳುವುದಿಲ್ಲ’ ಎಂಬ ಚೀಟಿಗೂ ಸಹಿಯಾಗುತ್ತದೆ. ಓದಬೇಕಾದವರು ಅವರಷ್ಟೇ ಅಲ್ಲ. ಕರಾರಿಗೆ ಸಹಿ ಹಾಕದಿದ್ದರೂ ಅದರ ಫಲ ಉಣ್ಣುವವರು ರೈತರು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಸರ್ಕಾರಿ ಕಾಮಗಾರಿಯ ಕರಾರಿನ ಮತ್ತು ಅಳತೆ ಪುಸ್ತಕದ ನಕಲು ಕೇಳುವ ಹಕ್ಕು ಯಾವ ನಾಗರಿಕನಿಗೂ ಇದೆ. ಕೇಳಿ ಪಡೆದರೆ ನೋಡಬೇಕಾದ ಸಂಗತಿಗಳು ಬಹಳವಿಲ್ಲ: ಮುಗಿಯಬೇಕಾದ ದಿನ ಯಾವುದು, ಎಷ್ಟು ಸಲ ವಿಸ್ತರಣೆಯಾಗಿದೆ, ಲೈನಿಂಗಿನ ಅಡಿಯ ಪದರ ಅಳತೆ ಪುಸ್ತಕದಲ್ಲಿದೆಯೇ, ದೋಷ ಹೊಣೆ ಅವಧಿ ಎಂದಿಗೆ ಮುಗಿಯುತ್ತದೆ.

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಆ ದಿನದ ಒಳಗೆ ಕಂಡ ಬಿರುಕನ್ನು ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು; ಅವನ ಠೇವಣಿ ಅಲ್ಲಿಯವರೆಗೆ ಸರ್ಕಾರದ ಕೈಯಲ್ಲಿರುತ್ತದೆ. ಆ ದಿನ ದಾಟಿದರೆ ಅದೇ ಬಿರುಕಿಗೆ ಹೊಸ ಅಂದಾಜುಪಟ್ಟಿ, ಹೊಸ ಟೆಂಡರ್, ಹೊಸ ಕರಾರು. ಕೆರೆಯ ಕೆಳಗೆ ಗದ್ದೆ ಪಡೆದವನು ಕೆರೆ ಏರಿಯ ಮೇಲೆ ತಾನೇ ಓಡಾಡಿ ನೋಡುತ್ತಿದ್ದ. ಇಂದು ಕಟ್ಟಿದವನಿಗೆ ಆ ಗರಜು ಇಲ್ಲ. ಏರಿಯ ಮೇಲೆ ಓಡಾಡುವವರು, ಬಿರುಕನ್ನು ಮೊದಲು ಕಾಣುವವರು, ಆ ನೀರಿನಲ್ಲಿ ಉಳುವವರೇ. ಅವರ ಕೈಯಲ್ಲಿ ಕರಾರಿನ ಒಂದು ಪುಟ, ಅದರಲ್ಲೊಂದು ದಿನಾಂಕ ಇದ್ದರೆ, ಅರ್ಜಿ ಬರೆಯಲು ಅಷ್ಟು ಸಾಕು.